ಹೆಬ್ಬಾಳದ ಮಣ್ಣಿನ ಪಾಠ

ಮಣ್ಣಿನ ವಿದ್ಯೆಗೆ ನಮ್ಮ ನಾಡಿನಲ್ಲಿ ಮೊದಲ ಪಾಠಶಾಲೆ ಹೊಲವೇ ಆಗಿದ್ದಿತು. ಎರೆ, ಕೆಬ್ಬೆ, ಮಸಾರಿ, ಚೌಳು ಎಂಬ ಹೆಸರುಗಳನ್ನು ಒಕ್ಕಲ ಮಗನು ಅಕ್ಷರಾಭ್ಯಾಸಕ್ಕೆ ಮುಂಚೆಯೇ ತಂದೆಯ ನೇಗಿಲ ಹಿಂದೆ ನಡೆಯುತ್ತ ಕಲಿಯುತ್ತಿದ್ದನು. ಬೇಸಗೆಯಲ್ಲಿ ಬಾಯಿಬಿಟ್ಟು ಬಿರಿಯುವ ಎರೆಯು ಮಳೆ ಬಿದ್ದೊಡನೆ ಕಾಲಿಗೆ ಮೆತ್ತಿಕೊಳ್ಳುವುದನ್ನೂ, ಹದ ತಪ್ಪಿ ಉತ್ತರೆ ಹೆಂಟೆ ಕಲ್ಲಾಗುವುದನ್ನೂ, ಕೆಂಪು ನೆಲಕ್ಕೆ ರಾಗಿ ಒಪ್ಪುವಂತೆ ಎರೆಗೆ ಬಿಳಿಜೋಳವೂ ಹತ್ತಿಯೂ ಒಪ್ಪುವುದನ್ನೂ ಅವನಿಗೆ ಯಾವ ಗ್ರಂಥವೂ ಬೋಧಿಸಬೇಕಾಗಿರಲಿಲ್ಲ. 1800ರಲ್ಲಿ ಮೈಸೂರು ಸೀಮೆಯ ಸಂಚಾರಕ್ಕೆ ಹೊರಟ ಫ್ರಾನ್ಸಿಸ್ ಬುಕಾನನ್ನನು ಈ ನೆಲದ ಬಗೆಗಳನ್ನು ರೈತರು ಹೇಳಿದ ಹೆಸರುಗಳಿಂದಲೇ ಗುರುತು ಹಾಕಿಕೊಂಡನು. 1807ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಎರೆಯೂ ಕೆಬ್ಬೆಯೂ ಇಂಗ್ಲಿಷ್ ಅಕ್ಷರಗಳನ್ನು ತೊಟ್ಟು ನಿಂತಿವೆ.

ಪ್ರಯೋಗಶಾಲೆಯ ಕಾಲ ಬಂದುದು ಶತಮಾನದ ತುದಿಯಲ್ಲಿ. ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಹೆಬ್ಬಾಳದ 30 ಎಕರೆ ಭೂಮಿಯನ್ನು ವ್ಯವಸಾಯದ ಪ್ರಯೋಗಕ್ಕೆ ದಾನವಿತ್ತರು; ರಸಾಯನಶಾಸ್ತ್ರಜ್ಞರಾದ ಡಾಕ್ಟರ್ ಲೇಹ್ಮನ್ನರು ಮಣ್ಣಿಗೂ ಬೆಳೆಗೂ ಇರುವ ಸಂಬಂಧದ ಪರಿಶೀಲನೆಯನ್ನು ಆರಂಭಿಸಿದರು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಸಂಸ್ಥಾನದ ಸೇವೆಯಲ್ಲಿದ್ದ ಕಾಲದಲ್ಲಿ, 1913ರಲ್ಲಿ, ಅಲ್ಲಿಯೇ ಕೃಷಿಶಾಲೆ ತೆರೆಯಿತು. 1946ರಲ್ಲಿ ಕಾಲೇಜೂ 1964ರಲ್ಲಿ ವಿಶ್ವವಿದ್ಯಾನಿಲಯವೂ ಬಂದುವು. ಸಂಶೋಧನೆ ಮೊದಲು, ಶಾಲೆ ಆಮೇಲೆ, ಪದವಿ ಕೊನೆಗೆ ಎಂಬ ಈ ಕ್ರಮವನ್ನು ನಾನು ಭಾಗ್ಯವೆಂದೇ ಎಣಿಸುತ್ತೇನೆ. ಏಕೆಂದರೆ ಕಲಿಸುವುದಕ್ಕೆ ಕುಳಿತ ಹೊತ್ತಿಗೆ ಕಲಿಸುವವರ ಕೈಯಲ್ಲಿ ಈ ನೆಲದಲ್ಲಿಯೇ ಮಾಡಿ ನೋಡಿದ ಪ್ರಯೋಗಗಳಿದ್ದುವು.

ಪದವಿಯ ವಿದ್ಯಾರ್ಥಿಯು ಮಣ್ಣನ್ನು ನಿಜವಾಗಿ ಓದುವುದು ಗುಂಡಿಯೊಳಗೆ. ಆಳೆತ್ತರ ತೋಡಿದ ಗುಂಡಿಯಲ್ಲಿಳಿದು, ಗೋಡೆಯನ್ನು ಚಾಕುವಿನಿಂದ ಕೆರೆದು, ಬೇರುಗಳು ಹೆಣೆದುಕೊಂಡ ಮೇಲ್ಪದರದಿಂದ ಜೇಡಿ ಹೆಚ್ಚಿ ಕೆಂಪೇರುವ ಕೆಳಪದರದವರೆಗೆ ಒಂದೊಂದನ್ನೂ ಅಳೆದು, ಹೆಂಟೆಯೊಂದನ್ನು ಮುರಿದು ನೀರು ಚಿಮುಕಿಸಿ ಮನ್ಸೆಲ್ಲನ ಬಣ್ಣದ ಪಟ್ಟಿಯ ಪಕ್ಕ ಹಿಡಿಯುತ್ತಾನೆ. ಬಳಿಕ ನೆನೆದ ಮಣ್ಣನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿ, ಅದು ಎಷ್ಟು ಉದ್ದದ ಪಟ್ಟಿಯಾಗಿ ತುಂಡಾಗದೆ ಬರುವುದೆಂಬುದರ ಮೇಲೆ ಜೇಡಿಯ ಪ್ರಮಾಣವನ್ನು ಅಂದಾಜಿಸುತ್ತಾನೆ. ಬಿತ್ತುವ ಮುನ್ನ ಹಿಡಿಮಣ್ಣನ್ನು ಹಿಸುಕಿ ಹದ ನೋಡುವ ಅಜ್ಜನ ಕೈಯೂ ಈ ಕೈಯೂ ಒಂದೇ ಕಸುಬಿನವು.

ಆದರೆ ಕೆಳಗಿನ ತರಗತಿಗಳಲ್ಲಿ ಈ ಕೈಗೆ ಕೆಲಸವಿಲ್ಲದೆ ಹೋಗಿರುವುದು ನನ್ನ ಮನಸ್ಸಿಗೆ ನೋವು. ಭಾರತದ ಮಣ್ಣುಗಳ ಪಟ್ಟಿಯನ್ನೂ ಭೂಪಟವನ್ನೂ ಬಾಯಿಪಾಠ ಮಾಡಿದ ಹುಡುಗನು, ಶಾಲೆಯ ಅಂಗಳದ್ದು ಯಾವ ಮಣ್ಣೆಂದು ಕೇಳಿದರೆ ನೆಲವನ್ನು ಮುಟ್ಟದೆಯೇ ಪುಸ್ತಕವನ್ನು ತಿರುವುತ್ತಾನೆ. ಗಾಜಿನ ಲೋಟದ ನೀರಿನಲ್ಲಿ ಮಣ್ಣನ್ನು ಕದಡಿಟ್ಟರೆ ಮರಳು ಮೊದಲು, ಗೋಡು ಆಮೇಲೆ ತಂಗಿ, ಜೇಡಿಯು ಬಹಳ ಹೊತ್ತು ತೇಲುವುದನ್ನು ಕಾಣಲು ಯಾವ ಹಣವೂ ಬೇಡ. ಮಣ್ಣಿನ ಸಮೀಕ್ಷಕರು ಒಂದೊಂದು ಮಣ್ಣಿನ ಶ್ರೇಣಿಗೂ ಅದನ್ನು ಗುರುತಿಸಿದ ಸ್ಥಳದ ಹೆಸರಿಡುವುದು ವಾಡಿಕೆ. ಹೀಗಾಗಿ ತ್ಯಾಮಗೊಂಡ್ಲು, ವಿಜಯಪುರ ಮೊದಲಾದ ಊರುಗಳು ವಿಜ್ಞಾನದ ಗ್ರಂಥಗಳನ್ನು ಸೇರಿವೆ. ಆ ಊರುಗಳ ಪ್ರಾಥಮಿಕ ಶಾಲೆಗಳಲ್ಲಿ ಮಣ್ಣಿನ ಪಾಠವು ಆ ಹೆಸರುಗಳಿಂದಲೇ ಆರಂಭವಾಗಬೇಕು.