ಆಲಿಂಗನದ ಅರ್ಥಾಂತರ: ಇಂಗ್ಲೆಂಡಿನ ಇತಿಹಾಸದಲ್ಲಿ ಪುರುಷಮೈತ್ರಿ

ಪ್ರಾಚೀನ ಶಾಸನಗಳ ಲಿಪಿಯನ್ನು ಓದಲು ನಾವು ಪಡುವ ಶ್ರಮವನ್ನು ಹಿಂದಿನವರ ಇಂಗಿತಗಳನ್ನು ಅರಿಯಲು ಪಡುವುದಿಲ್ಲ. ಗೆಳೆಯರಿಬ್ಬರು ತಬ್ಬಿಕೊಳ್ಳುವುದು, ಮುತ್ತಿಡುವುದು, ಒಂದೇ ಶಯ್ಯೆಯಲ್ಲಿ ಮಲಗುವುದು ಇವೆಲ್ಲಕ್ಕೂ ಸರ್ವಕಾಲದಲ್ಲಿಯೂ ಒಂದೇ ಅರ್ಥವೆಂದು ಭಾವಿಸುತ್ತೇವೆ. ಈ ಭಾವನೆ ಸಾಧುವಲ್ಲವೆಂಬುದನ್ನು ಇಂಗ್ಲೆಂಡಿನ ನಿದರ್ಶನದಿಂದ ಇಲ್ಲಿ ವಿವೇಚಿಸುತ್ತೇವೆ.

1391ರ ಅಕ್ಟೋಬರಿನಲ್ಲಿ ಸರ್ ಜಾನ್ ಕ್ಲಾನ್ವೋ ಎಂಬ ಆಂಗ್ಲ ವೀರನು ಕಾನ್‌ಸ್ಟಾಂಟಿನೋಪಲ್ ನಗರದ ಬಳಿ ಮೃತನಾದನು. ಅವನ ಸಂಗಾತಿ ಸರ್ ವಿಲಿಯಂ ನೆವಿಲ್ ಶೋಕದಿಂದ ಆಹಾರವನ್ನು ತೊರೆದು ಎರಡೇ ದಿನಗಳಲ್ಲಿ ತಾನೂ ಅಸುನೀಗಿದನೆಂದು ವೆಸ್ಟ್‌ಮಿನ್‌ಸ್ಟರ್ ಮಠದ ವೃತ್ತಾಂತವು ತಿಳಿಸುತ್ತದೆ. ಇಂದು ಇಸ್ತಾಂಬುಲಿನ ಪ್ರಾಚ್ಯವಸ್ತು ಸಂಗ್ರಹಾಲಯದಲ್ಲಿರುವ ಅವರ ಸಮಾಧಿಶಿಲೆಯ ಮೇಲೆ ಎರಡು ಶಿರಸ್ತ್ರಾಣಗಳು ಮುತ್ತಿಡುವಂತೆ ಎದುರುಬದುರಾಗಿವೆ. ದಂಪತಿಗಳ ಲಾಂಛನಗಳನ್ನು ಒಂದೇ ಗುರಾಣಿಯಲ್ಲಿ ಸೇರಿಸುವ ಪದ್ಧತಿಯಂತೆ ಇಬ್ಬರ ವಂಶಲಾಂಛನಗಳೂ ಒಂದುಗೂಡಿವೆ. ಮೂರು ಶತಮಾನಗಳ ತರುವಾಯ, ಅದೇ ನಗರದಲ್ಲಿ ರಾಯಭಾರಿಯಾಗಿದ್ದ ಸರ್ ಜಾನ್ ಫಿಂಚ್, 1681ರಲ್ಲಿ ಅಲ್ಲಿ ತೀರಿಕೊಂಡ ಮಿತ್ರ ಸರ್ ಥಾಮಸ್ ಬೇನ್ಸನ ದೇಹವನ್ನು ಸ್ವದೇಶಕ್ಕೆ ತಂದನು. ಮರುವರ್ಷ ಫಿಂಚನೂ ಗತಿಸಲು, ಇಬ್ಬರನ್ನೂ ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಒಟ್ಟಿಗೆ ಹೂಳಲಾಯಿತು. ಇವೆರಡೂ ಬಹಿರಂಗವಾದ ಸ್ಮಾರಕಗಳೆಂಬುದು ಗಮನಾರ್ಹ.

ಹಾಗಾದರೆ ಆ ಸಮಾಜಕ್ಕೆ ಶಂಕೆಯೇ ತಿಳಿದಿರಲಿಲ್ಲವೆ? ಪುರುಷರ ಪರಸ್ಪರ ಸಂಭೋಗಕ್ಕೆ 1533ರ ಶಾಸನವೇ ಮರಣದಂಡನೆಯನ್ನು ವಿಧಿಸಿತ್ತು. ಆದರೆ ಆ ಅಪರಾಧವನ್ನು ರಾಜದ್ರೋಹ, ಧರ್ಮದ್ರೋಹಗಳ ಸಾಲಿನಲ್ಲಿಟ್ಟು ಘೋರವೆಂದು ಕಲ್ಪಿಸಿದ್ದುದರಿಂದ, ನಿತ್ಯದ ಆಲಿಂಗನದಲ್ಲಿ ಜನರು ಅದನ್ನು ಕಾಣಲಿಲ್ಲವೆಂದು ಇತಿಹಾಸಕಾರ ಅಲನ್ ಬ್ರೇ ಪ್ರತಿಪಾದಿಸಿದ್ದಾನೆ.

ಹದಿನೆಂಟನೆಯ ಶತಮಾನದಲ್ಲಿ ಈ ಅಂತರ ಕುಗ್ಗಿತು. 1726ರಲ್ಲಿ ಲಂಡನ್ನಿನ ಗುಪ್ತ ಸಮಾಗಮಗೃಹವೊಂದರ ಮೇಲೆ ದಾಳಿ ನಡೆದು, ಮೂವರನ್ನು ಗಲ್ಲಿಗೇರಿಸಲಾಯಿತು. ಇದೇ ಶತಮಾನದಲ್ಲಿ ಮಿತ್ರರ ಮುತ್ತಿನ ಸ್ಥಾನವನ್ನು ಹಸ್ತಲಾಘವವು ಕ್ರಮೇಣ ಆಕ್ರಮಿಸಿತು. ಆದರೂ ಈ ಪರಿವರ್ತನೆ ಏಕಮುಖವಾಗಿರಲಿಲ್ಲ. ಗತಿಸಿದ ಗೆಳೆಯ ಹ್ಯಾಲಮನಿಗಾಗಿ ಟೆನಿಸನ್ 1850ರಲ್ಲಿ ಪ್ರಕಟಿಸಿದ ಶೋಕಕಾವ್ಯವನ್ನು ವಿಕ್ಟೋರಿಯಾ ರಾಣಿಯೇ ಆದರಿಸಿದಳು. 1885ರ ಶಾಸನವು ಪುರುಷರ ನಡುವಣ ‘ಘೋರ ಅಸಭ್ಯತೆ’ಯನ್ನು, ಅದು ಏಕಾಂತದಲ್ಲಿ ನಡೆದರೂ, ಅಪರಾಧವೆಂದು ಸಾರಿತು, ಆ ಪದದ ಅರ್ಥವನ್ನು ಮಾತ್ರ ನಿರೂಪಿಸಲಿಲ್ಲ. 1895ರಲ್ಲಿ ಆಸ್ಕರ್ ವೈಲ್ಡನಿಗೆ ಇದೇ ಶಾಸನದನ್ವಯ ಎರಡು ವರ್ಷಗಳ ಕಠಿಣ ಶಿಕ್ಷೆಯಾಯಿತು. ಅವನ ಪ್ರೇಮಪತ್ರಗಳೂ ನ್ಯಾಯಾಲಯದಲ್ಲಿ ಸಾಕ್ಷ್ಯವಾದುವು.

ಈ ಕಳಂಕಭಾವನೆಯಿಂದ ಹಾನಿ ಇಬ್ಬಗೆಯದಾಯಿತು. ಪುರುಷರನ್ನು ಪ್ರೀತಿಸಿದ ಪುರುಷರು ಮಾನ, ಸ್ವಾತಂತ್ರ್ಯ, ಕೆಲವೊಮ್ಮೆ ಪ್ರಾಣವನ್ನೇ ಕಳೆದುಕೊಂಡರು. ಕೇವಲ ಸ್ನೇಹಿತರಾದವರು ಸ್ನೇಹವನ್ನು ಪ್ರಕಟಿಸುವ ಭಾಷೆಯನ್ನೇ ಕಳೆದುಕೊಂಡರು. ಮೊದಲನೆಯದನ್ನು ಸರಿಪಡಿಸಲು ಶಾಸನಕ್ಕೆ ಸಾಧ್ಯ. ಇಂಗ್ಲೆಂಡಿನಲ್ಲಿ 1967ರಿಂದಲೂ, ಬ್ರಿಟಿಷರು ವಿಧಿಸಿದ 377ನೆಯ ಪ್ರಕರಣವಿದ್ದ ನಮ್ಮ ದೇಶದಲ್ಲಿ 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದಲೂ ಆ ಕಾರ್ಯ ನಡೆದಿದೆ. ಎರಡನೆಯದು ಶಾಸನದಿಂದ ಹಿಂದಿರುಗುವಂಥದಲ್ಲ.

ಕ್ಲಾನ್ವೋ, ನೆವಿಲರ ಅಂತರಂಗವನ್ನು ಶಿಲೆ ಹೇಳದು. ಅವರ ಸ್ನೇಹ ನಿಷ್ಕಾಮವೆಂದು ಪ್ರಮಾಣೀಕರಿಸುವುದೂ, ಸಕಾಮವೆಂದು ಆರೋಪಿಸುವುದೂ ಸಮಾನವಾಗಿ ಅತಿಕ್ರಮವೇ. ಅವರ ಕಾಲವು ಆ ಪ್ರೀತಿಯನ್ನು ನಾಚಿಕೆಯಿಲ್ಲದೆ ಕಲ್ಲಿನಲ್ಲಿ ಕೆತ್ತಿಸಿತೆಂಬುದಷ್ಟೇ ನಿಶ್ಚಿತ. ಗೆಳೆಯನ ಹೆಗಲ ಮೇಲಿಟ್ಟ ಕೈಯನ್ನು ಕಂಡು ಮೊದಲು ಶಂಕಿಸುವವರು, ಆ ಶಂಕೆಗೂ ಒಂದು ಇತಿಹಾಸವಿದೆಯೆಂಬುದನ್ನು ಅರಿಯುವುದು ಯುಕ್ತ.