ಕ್ಯಾಂಪ್ಟೊಥೆಸಿನ್: ಘಟ್ಟದ ಮರದಿಂದ ಕ್ಯಾನ್ಸರ್ ಔಷಧಿಗೆ

ಕ್ಯಾಂಪ್ಟೊಥೆಸಿನ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಒಂದು ಆಲ್ಕಲಾಯ್ಡ್. ಕರ್ನಾಟಕದಲ್ಲಿ ಅದರ ಮುಖ್ಯ ಆಕರ ಪಶ್ಚಿಮ ಘಟ್ಟದ ನೋಥಾಪೊಡೈಟಿಸ್ ನಿಮ್ಮೋನಿಯಾನ. ಕನ್ನಡದಲ್ಲಿ ಇದು ದುರ್ವಾಸನೆ ಮರ, ಮರಾಠಿಯಲ್ಲಿ ನರಕ್ಯಾ. ಬೆಳಗಾವಿ ಜಿಲ್ಲೆಯಲ್ಲಿ ಅದನ್ನು ಹುಡುಕಬೇಕಾದದ್ದು ಪಶ್ಚಿಮಕ್ಕೆ, ಖಾನಾಪುರದ ಮಳೆಕಾಡಿನಲ್ಲಿ.

ಅಮೆರಿಕದ ರಸಾಯನಶಾಸ್ತ್ರಜ್ಞರಾದ ಮನ್ಸುಖ್ ವಾಣಿ ಮತ್ತು ಮನ್ರೋ ವಾಲ್ 1966ರಲ್ಲಿ ಚೀನಾ ಮೂಲದ ಕ್ಯಾಂಪ್ಟೊಥೆಕಾ ಮರದಿಂದ ಈ ವಸ್ತುವನ್ನು ಬೇರ್ಪಡಿಸಿದರು. 1970ರ ದಶಕದ ಆರಂಭದ ಪ್ರಯೋಗಗಳಲ್ಲಿ ಅದರ ಸೋಡಿಯಂ ಲವಣ ರೋಗಿಗಳ ಮೂತ್ರಕೋಶಕ್ಕೆ ತೀವ್ರ ಹಾನಿ ಮಾಡಿದ್ದರಿಂದ ಕೆಲಸ ನಿಂತುಹೋಯಿತು. 1985ರಲ್ಲಿ ಅದರ ವರ್ತನೆಯ ಗುಟ್ಟು ಬಯಲಾಯಿತು. ಡಿಎನ್‌ಎ ಎಳೆಯನ್ನು ಕತ್ತರಿಸಿ ಮತ್ತೆ ಜೋಡಿಸುವ ಟೊಪೊಐಸೊಮರೇಸ್-1 ಎಂಬ ಕಿಣ್ವದ ಜೋಡಣೆಯ ಕೆಲಸವನ್ನು ಅದು ತಡೆಯುತ್ತದೆ. ವಿಭಜನೆಯಾಗುತ್ತಿರುವ ಕೋಶ ಅಲ್ಲಿಗೆ ಸಾಯುತ್ತದೆ. ಕ್ಯಾಂಪ್ಟೊಥೆಸಿನ್‌ನ ಮಾರ್ಪಾಡುಗಳಾದ ಟೊಪೊಟೆಕಾನ್ ಅಂಡಾಶಯದ ಕ್ಯಾನ್ಸರಿಗೆ, ಇರಿನೊಟೆಕಾನ್ ದೊಡ್ಡಕರುಳಿನ ಕ್ಯಾನ್ಸರಿಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು. ಮರದ ತೊಗಟೆ ಕುದಿಸಿ ಕುಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಮಾತಿಗೆ ಈ ಚರಿತ್ರೆಯಲ್ಲಿ ಆಧಾರವಿಲ್ಲ. ಮೂಲ ವಸ್ತು ನೀರಿನಲ್ಲಿ ಕರಗುವುದು ತೀರಾ ಕಡಿಮೆ, ವಿಷವೂ ಹೌದು.

ಘಟ್ಟದ ಮರದಲ್ಲಿ ಇದೇ ವಸ್ತು ಇದೆಯೆಂದು 1972ರಲ್ಲಿ ತೋರಿಸಿದವರು ರಸಾಯನಶಾಸ್ತ್ರಜ್ಞರಾದ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್. ಚೀನಾದ ಮರಕ್ಕಿಂತ ಇದರಲ್ಲಿ ಇಳುವರಿ ಹೆಚ್ಚೆಂದು ತಿಳಿದ ಮೇಲೆ ಮಹಾರಾಷ್ಟ್ರ, ಕರ್ನಾಟಕಗಳ ಕಾಡಿನಲ್ಲಿ ಕಡಿತ ಶುರುವಾಯಿತು. ಬೇರನ್ನೂ ಅಗೆದ ಕಡೆ ಮರ ಮತ್ತೆ ಚಿಗುರಲಿಲ್ಲ.

ಕ್ಷೇತ್ರದ ಗಟ್ಟಿ ಕೆಲಸ ನಡೆದದ್ದು ಆನಂತರ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್, ಏಟ್ರೀ ಪರಿಸರ ಸಂಶೋಧನಾ ಸಂಸ್ಥೆಯ ಜಿ. ರವಿಕಾಂತ್, ಶಿರಸಿ ಅರಣ್ಯ ಕಾಲೇಜಿನ ಆರ್. ವಾಸುದೇವ ಮುಂತಾದವರು ಘಟ್ಟದುದ್ದಕ್ಕೂ ಮರಗಳನ್ನು ಪರೀಕ್ಷಿಸಿದರು. ಒಂದೇ ಪ್ರಭೇದದ ಮರಗಳ ನಡುವೆ ಕ್ಯಾಂಪ್ಟೊಥೆಸಿನ್ ಪ್ರಮಾಣ ಹಲವು ಪಟ್ಟು ವ್ಯತ್ಯಾಸವಾಗುತ್ತದೆಂದು ತೋರಿಸಿ, ಹೆಚ್ಚು ಇಳುವರಿಯ ಮರಗಳನ್ನು 2008ರಲ್ಲಿ ಗುರುತಿಸಿಕೊಟ್ಟರು. ಕೃಷಿಗೆ ಬೇಕಾದ ತಾಯಿಮರಗಳು ಹೀಗೆ ಸಿಕ್ಕವು. ಮರದೊಳಗಿನ ಶಿಲೀಂಧ್ರವೇ ಈ ವಸ್ತುವನ್ನು ತಯಾರಿಸುತ್ತದೆಂಬ 2005ರ ವರದಿ ಹೆಚ್ಚು ಸದ್ದು ಮಾಡಿತು. ಆದರೆ ಪ್ರಯೋಗಾಲಯದಲ್ಲಿ ಮರುಬೆಳೆಸಿದಂತೆಲ್ಲ ಅಂಥ ಶಿಲೀಂಧ್ರಗಳ ಉತ್ಪಾದನೆ ಕುಗ್ಗುತ್ತದೆಂದು ಇದೇ ಬೆಂಗಳೂರು ತಂಡ 2010ರಲ್ಲಿ ತೋರಿಸಿತು. ಸುದ್ದಿಯಾದದ್ದು ಮಾತ್ರ ಮೊದಲಿನದೇ.

ಇಂದು ಹೆಚ್ಚು ಹೊಗಳಿಕೆ ಪಡೆಯುವ ಸಮುದ್ರ ಸ್ಪಂಜುಗಳ ಕತೆಯಲ್ಲೂ ಬೇಕಾದ ವಸ್ತು ಸಾಕಷ್ಟು ಸಿಗದ ತೊಡಕೇ ಇತ್ತು. ಜಪಾನಿನಲ್ಲಿ 600 ಕೆ.ಜಿ. ಸ್ಪಂಜಿನಿಂದ ಸಿಕ್ಕ ಹ್ಯಾಲಿಕಾಂಡ್ರಿನ್-ಬಿ ಎಂಬ ಕ್ಯಾನ್ಸರ್‌ವಿರೋಧಿ ವಸ್ತು ಕೇವಲ 12.5 ಮಿಲಿಗ್ರಾಂ. ರಸಾಯನಶಾಸ್ತ್ರಜ್ಞ ಯೊಶಿಟೊ ಕಿಶಿ 1992ರಲ್ಲಿ ಅದನ್ನು ಸಂಶ್ಲೇಷಿಸಿದ್ದರಿಂದಲೇ 2010ರಲ್ಲಿ ಅದರ ಸರಳ ರೂಪವಾದ ಎರಿಬುಲಿನ್ ಸ್ತನ ಕ್ಯಾನ್ಸರಿಗೆ ಔಷಧಿಯಾಗಿ ಬಂತು. ಸ್ಪಂಜಿನ ಕೊರತೆಯನ್ನು ರಸಾಯನಶಾಸ್ತ್ರ ನೀಗಿಸಿತು. ಮರದ ಕೊರತೆಯನ್ನು ಮರ ಬೆಳೆಸಿಯೇ ನೀಗಿಸಬಹುದು.

ಕ್ಯಾಂಪ್ಟೊಥೆಸಿನ್‌ಗೆ ಬೇಡಿಕೆ ಇಳಿದಿಲ್ಲ. 2019 ಮತ್ತು 2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್, ಸಾಸಿಟುಜುಮಾಬ್ ಗೊವಿಟೆಕಾನ್ ಎರಡೂ ಪ್ರತಿಕಾಯಕ್ಕೆ ಇದೇ ಕುಟುಂಬದ ಅಣುವನ್ನು ಕಟ್ಟಿ ಗೆಡ್ಡೆಗೆ ತಲುಪಿಸುತ್ತವೆ. ಅಣುವಿನ ಮೇಲೆ ಪ್ರಬಂಧಗಳು ರಾಶಿ ಬಿದ್ದಿವೆ. ಸಸಿ ಎಲ್ಲಿ ಸಿಗುತ್ತದೆ, ಎಷ್ಟನೇ ವರ್ಷಕ್ಕೆ ಕೊಯ್ಲು, ಯಾರು ಯಾವ ಬೆಲೆಗೆ ಕೊಳ್ಳುತ್ತಾರೆ ಎಂದು ರೈತನಿಗೆ ಹೇಳುವ ಬರಹ ಅಪರೂಪ. ಗುರುತಿಸಿದ ತಾಯಿಮರಗಳ ಸಸಿಗಳು ಖಾನಾಪುರ, ಶಿರಸಿಗಳ ನರ್ಸರಿಗೆ ಬರಬೇಕು. ಹೊಸ ಅಣುಗಳ ಹುಡುಕಾಟಕ್ಕಿಂತ ಮೊದಲು ಆಗಬೇಕಾದ ಕೆಲಸ ಅದು.