ಪತ್ರದಲ್ಲಿ ಬಂದ ಉಮೇದುವಾರಿಕೆ

ನಮ್ಮ ಮಹಿಳಾ ವೇದಿಕೆಯ ವಾರ್ಷಿಕ ಸಭೆಯಲ್ಲಿ "ಮುಂದಿನ ವರ್ಷಕ್ಕೆ ಅಧ್ಯಕ್ಷೆ ಯಾರು?" ಎಂಬ ಪ್ರಶ್ನೆ ಬಂದೊಡನೆ ಎಲ್ಲರಿಗೂ ಕೈಚೀಲದಲ್ಲಿ ಏನೋ ಹುಡುಕುವ ಕೆಲಸ ನೆನಪಾಗುತ್ತದೆ. ಕೊನೆಗೆ ಯಾರೋ ಒಬ್ಬರು ಪಕ್ಕದವರ ಹೆಸರು ಹೇಳುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆ ಬೀಳುತ್ತದೆ. ಒಂದು ವರ್ಷ ನಾನು ಕಾರ್ಯದರ್ಶಿಯಾದದ್ದೂ ಹೀಗೆಯೇ. ಆ ದಿನ ನಾನು ಸಭೆಗೇ ಹೋಗಿರಲಿಲ್ಲ!

ಹೀಗೆ ತಮಗೆ ತಿಳಿಯದೆಯೇ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿಯಾದ ಮಹಿಳೆಯೊಬ್ಬರ ಬಗ್ಗೆ ಓದಿದಾಗ ನನಗೆ ಮೊದಲು ನಗು ಬಂತು. ಪೂರ್ತಿ ಓದಿದ ಮೇಲೆ ಆ ನಗು ಉಳಿಯಲಿಲ್ಲ. ಆಕೆಯ ಹೆಸರು ಬೆಲ್ವಾ ಲಾಕ್‌ವುಡ್. ವರ್ಷ 1884.

ಬೆಲ್ವಾ ಹುಟ್ಟಿದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದ ರಾಯಲ್ಟನ್ ಎಂಬ ಹಳ್ಳಿಯ ಕಡೆ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದರು, ಕೈಯಲ್ಲೊಂದು ಹೆಣ್ಣುಮಗು. ಶಿಕ್ಷಕಿಯಾಗಿ ದುಡಿದರೆ ಗಂಡಸರ ಅರ್ಧ ಸಂಬಳ. ಓದು ಮುಂದುವರಿಸಿ, ನಲವತ್ತು ದಾಟಿದ ಮೇಲೆ ವಾಷಿಂಗ್ಟನ್ನಿನಲ್ಲಿ ಕಾನೂನು ಕಲಿತರು. ಕಲಿತರೂ ಪದವಿ ಪತ್ರ ಕೊಡಲಿಲ್ಲ. ಅಧ್ಯಕ್ಷ ಗ್ರಾಂಟ್ ಆ ಕಾಲೇಜಿನ ಗೌರವ ಮುಖ್ಯಸ್ಥರಾಗಿದ್ದರು. 1873ರಲ್ಲಿ ಬೆಲ್ವಾ ಅವರಿಗೇ ಪತ್ರ ಬರೆದು ಪದವಿ ಪಡೆದರು. ಸುಪ್ರೀಂ ಕೋರ್ಟು 1876ರಲ್ಲಿ ಹೆಂಗಸೆಂಬ ಕಾರಣಕ್ಕೆ ಬಾಗಿಲು ಮುಚ್ಚಿದಾಗ ಸಂಸತ್ತಿನ ಬೆನ್ನು ಹತ್ತಿ ಕಾನೂನನ್ನೇ ಬದಲಿಸಿದರು. 1879ರಲ್ಲಿ ಆ ನ್ಯಾಯಾಲಯದಲ್ಲಿ ವಕಾಲತ್ತು ವಹಿಸುವ ಹಕ್ಕು ಪಡೆದ ಮೊದಲ ಮಹಿಳೆ ಅವರು.

1884ರಲ್ಲಿ ದೊಡ್ಡ ಪಕ್ಷಗಳೆರಡೂ ಮಹಿಳಾ ಮತದಾನದ ಬೇಡಿಕೆಯನ್ನು ತಮ್ಮ ಪ್ರಣಾಳಿಕೆಯಲ್ಲಿ ಸೇರಿಸಲಿಲ್ಲ. ಸಿಟ್ಟಿಗೆದ್ದ ಬೆಲ್ವಾ, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಪತ್ರಿಕೆ ನಡೆಸುತ್ತಿದ್ದ ಮೇರಿಯೆಟ್ಟಾ ಸ್ಟೋ ಅವರಿಗೆ ಒಂದು ಪತ್ರ ಬರೆದರು. ನಮಗೆ ಮತ ಹಾಕುವ ಹಕ್ಕಿಲ್ಲ, ನಿಜ. ಆದರೆ ನಮಗೆ ಮತ ಹಾಕಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ, ಹೆಂಗಸರು ತಮ್ಮದೇ ಪಕ್ಷ ಕಟ್ಟಿ ತಮ್ಮವರನ್ನೇ ಏಕೆ ನಿಲ್ಲಿಸಬಾರದು ಎಂಬುದು ಅದರ ಸಾರಾಂಶ.

ಸ್ಟೋ ಕೂಡ ನೊಂದವರೇ. ಗಂಡ ತೀರಿಕೊಂಡ ಮೇಲೆ ಆಸ್ತಿ ಕೈತಪ್ಪಿ, ವಿಧವೆಯರ ಹಕ್ಕಿಗಾಗಿ ಹೋರಾಟಕ್ಕಿಳಿದವರು. 1882ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಸ್ಥಾನಕ್ಕೂ ನಿಂತಿದ್ದರು. ಅವರೂ, ಆ ರಾಜ್ಯದ ಮೊದಲ ವಕೀಲೆ ಕ್ಲಾರಾ ಫೋಲ್ಟ್ಜ್ ಅವರೂ ಸೇರಿ ಬೆಲ್ವಾ ಅವರನ್ನೇ 'ಸಮಾನ ಹಕ್ಕುಗಳ ಪಕ್ಷ'ದ ಅಭ್ಯರ್ಥಿಯೆಂದು ಘೋಷಿಸಿಬಿಟ್ಟರು. ದೊಡ್ಡ ಪಕ್ಷಗಳು ನಡೆಸುವಂಥ ಮಹಾ ಅಧಿವೇಶನವಿಲ್ಲ, ಪ್ರತಿನಿಧಿಗಳಿಲ್ಲ, ಸುತ್ತು ಸುತ್ತಾಗಿ ಮತ ಎಣಿಕೆ ಇಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಸುದ್ದಿ ಅಂಚೆಯಲ್ಲಿ ವಾಷಿಂಗ್ಟನ್ ತಲುಪಿತು. ಬೆಲ್ವಾ ಕೆಲವು ದಿನ ಅದನ್ನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದು, ಆಮೇಲೆ ಒಪ್ಪಿಗೆ ಬರೆದರು. ಸೆಪ್ಟೆಂಬರ್ 18ರಂದು ಮೇರಿಲ್ಯಾಂಡಿನ ವಿಲ್ಸನ್ಸ್ ಸ್ಟೇಷನ್ ಎಂಬಲ್ಲಿ, ಒಬ್ಬ ಮಹಿಳೆಯ ತೋಟದ ಮನೆಯಲ್ಲಿ ಅನುಮೋದನೆಯ ಸಭೆ ನಡೆಯಿತು. ಸ್ಟೋ ಅವರೇ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ.

ಇದೆಲ್ಲ ಇಷ್ಟು ಸಲೀಸಾಗಿ ಹೇಗಾಯಿತು? ಅಂದು ಅಲ್ಲಿ ಸರ್ಕಾರ ಅಚ್ಚು ಹಾಕಿಸುವ ಮತಪತ್ರವೇ ಇರಲಿಲ್ಲ. ಪ್ರತಿ ಪಕ್ಷವೂ ತನ್ನ ಚೀಟಿಯನ್ನು ತಾನೇ ಅಚ್ಚು ಹಾಕಿಸಿ ಹಂಚುತ್ತಿತ್ತು. ಸಾವಿರಾರು ಸಹಿ ಸಂಗ್ರಹಿಸಿ ಹೆಸರು ನೋಂದಾಯಿಸಬೇಕಾದ ನಿಯಮಗಳೆಲ್ಲ ಆಮೇಲೆ ಬಂದವು. ಆದರೆ ಆಯಾ ರಾಜ್ಯದಲ್ಲಿ ತಮ್ಮ ಪರವಾಗಿ ನಿಲ್ಲುವ 'ಎಲೆಕ್ಟರ್'ಗಳನ್ನು ಹುಡುಕುವುದು, ಚೀಟಿಗೆ ಹಣ ಹೊಂದಿಸುವುದು ಅಭ್ಯರ್ಥಿಯ ತಲೆಯ ಮೇಲೆಯೇ. ಬೆಲ್ವಾ ಊರೂರು ಸುತ್ತಿ ಟಿಕೆಟ್ ಇಟ್ಟು ಭಾಷಣ ಮಾಡಿದರು. ಖರ್ಚು ಅದರಲ್ಲೇ ಹೊರಟಿತು.

ವಿರೋಧ ಬಂದದ್ದು ಗಂಡಸರಿಂದ ಮಾತ್ರವಲ್ಲ. ಅವರೇನೋ ಕೆಲವು ಊರುಗಳಲ್ಲಿ ಹೆಂಗಸರ ಉಡುಪು ತೊಟ್ಟು ಮೆರವಣಿಗೆ ಹೊರಟು ಗೇಲಿ ಮಾಡಿದರು. ಮಹಿಳಾ ಮತದಾನ ಚಳವಳಿಯ ಹಿರಿಯರಾದ ಸೂಸನ್ ಬಿ. ಆಂಟನಿ, ಎಲಿಜಬೆತ್ ಕೇಡಿ ಸ್ಟಾಂಟನ್ ಕೂಡ ಬೆಂಬಲಿಸಲಿಲ್ಲ. ಅವರು ರಿಪಬ್ಲಿಕನ್ ಅಭ್ಯರ್ಥಿ ಬ್ಲೇನ್ ಪರ ನಿಂತರು. ಅವರ ಆತಂಕಕ್ಕೂ ಕಾರಣವಿತ್ತು. ಇದಕ್ಕೆ ಮುಂಚೆ, 1872ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಅಪೋಲೊ ಹಾಲ್‌ನಲ್ಲಿ ಅಂಥದೇ ಹೆಸರಿನ ಇನ್ನೊಂದು ಪಕ್ಷ ವಿಕ್ಟೋರಿಯಾ ವುಡ್‌ಹಲ್ ಅವರನ್ನು ಜಯಘೋಷದೊಂದಿಗೆ ಆರಿಸಿತ್ತು. ಅಧ್ಯಕ್ಷರಿಗೆ ಇರಬೇಕಾದ 35 ವರ್ಷ ಆಕೆಗೆ ತುಂಬಿರಲಿಲ್ಲ. ಉಪಾಧ್ಯಕ್ಷ ಸ್ಥಾನಕ್ಕೆ ಕರಿಯರ ನಾಯಕ ಫ್ರೆಡರಿಕ್ ಡಗ್ಲಸ್ ಅವರ ಹೆಸರನ್ನು ಅವರನ್ನು ಕೇಳದೆಯೇ ಸೇರಿಸಲಾಗಿತ್ತು. ಚುನಾವಣೆಯ ದಿನ ವುಡ್‌ಹಲ್ ಜೈಲಿನಲ್ಲಿದ್ದರು. ಮತ್ತೆ ಅದೇ ನಗೆಪಾಟಲು ಬೇಡವೆಂದು ಹಿರಿಯರಿಗೆ ಅನಿಸಿದ್ದರೆ ಅದು ಸಹಜವೇ.

ಆದರೆ ಬೆಲ್ವಾ ಅವರ ಒಪ್ಪಿಗೆ ಪತ್ರ ನಗೆಯ ವಸ್ತುವಾಗಿರಲಿಲ್ಲ. ಬಣ್ಣ, ಲಿಂಗ, ರಾಷ್ಟ್ರೀಯತೆ ನೋಡದೆ ಎಲ್ಲರಿಗೂ ಸಮಾನ ನ್ಯಾಯ, ಮೂಲನಿವಾಸಿಗಳಿಗೆ ನಾಗರಿಕ ಹಕ್ಕು, ಸುಪ್ರೀಂ ಕೋರ್ಟಿನ ಸ್ಥಾನ ಖಾಲಿಯಾದರೆ ಅರ್ಹ ಮಹಿಳೆಯ ನೇಮಕ ಎಂದೆಲ್ಲ ಅದರಲ್ಲಿತ್ತು. ಆ ನ್ಯಾಯಪೀಠಕ್ಕೆ ಮೊದಲ ಮಹಿಳೆ ಬಂದದ್ದು 1981ರಲ್ಲಿ.

ಕೇವಲ ಗಂಡಸರು ಮತ ಹಾಕಿದ ಆ ಚುನಾವಣೆಯಲ್ಲಿ ಬೆಲ್ವಾ ಅವರಿಗೆ 4,000ಕ್ಕೂ ಹೆಚ್ಚು ಮತ ಬಂದವು. ಕೆಲವೆಡೆ ತಮ್ಮ ಚೀಟಿಗಳನ್ನು ಎಣಿಸದೆ ಕಸದ ಬುಟ್ಟಿಗೆ ಹಾಕಿದರೆಂದು ಅವರು ಸಂಸತ್ತಿಗೆ ದೂರು ಕೊಟ್ಟರು, ಫಲ ಸಿಗಲಿಲ್ಲ. 1888ರಲ್ಲಿ ಪಕ್ಷ ಅವರನ್ನೇ ಮತ್ತೆ ಆರಿಸಿತು. ಈ ಬಾರಿ ಸದಸ್ಯರು ಅಂಚೆಯಲ್ಲಿ ಮತ ಕಳಿಸಿದರು, ಅಯೋವಾದ ಡೆ ಮಾಯ್ನ್‌ನಲ್ಲಿ ಎಣಿಕೆ ನಡೆಯಿತು. ದೂರ ದೂರ ಹರಡಿದ್ದ ಹೆಂಗಸರಿಗೆ, ರೈಲು ಖರ್ಚಿಗೆ ಗಂಡನನ್ನು ಕೇಳಬೇಕಾದವರಿಗೆ, ಅಂಚೆಚೀಟಿಯೇ ಅಧಿವೇಶನ.

ನಮ್ಮಲ್ಲಿ ರಾಷ್ಟ್ರಪತಿ ಚುನಾವಣೆಗೆ ಇಂದು ಹೀಗೆ ನಿಲ್ಲಲಾಗದು. ಸಂಸದರು, ಶಾಸಕರ ಪೈಕಿ 50 ಮಂದಿ ಸೂಚಕರು, 50 ಮಂದಿ ಅನುಮೋದಕರು ಬೇಕು. ಆದರೂ 2002ರಲ್ಲಿ ಅಬ್ದುಲ್ ಕಲಾಂ ಅವರ ಗೆಲುವು ಖಚಿತವೆಂದು ಗೊತ್ತಿದ್ದೂ ಎಡಪಕ್ಷಗಳು ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರನ್ನು ನಿಲ್ಲಿಸಿದವು. ನಮ್ಮ ಚೆನ್ನೈನಲ್ಲೇ ಹುಟ್ಟಿ, ಇಲ್ಲೇ ವೈದ್ಯಕೀಯ ಓದಿದವರು. ಆಗ ಅವರಿಗೆ 87 ವರ್ಷ. ಸೋಲು ಖಚಿತವಿದ್ದಾಗ ಪಕ್ಷವೊಂದು ಹುಡುಕುವುದು ಗೆಲ್ಲುವವರನ್ನಲ್ಲ, ತನ್ನ ಮಾತನ್ನು ನಂಬಿಕೆಯಿಂದ ಹೇಳಬಲ್ಲವರನ್ನು ಎಂಬುದು ನನಗೆ ಆಗ ಅರ್ಥವಾಗಿರಲಿಲ್ಲ.

ಬೆಲ್ವಾ 1917ರಲ್ಲಿ ತೀರಿಕೊಂಡರು. ಅಮೆರಿಕದಾದ್ಯಂತ ಹೆಂಗಸರಿಗೆ ಮತದ ಹಕ್ಕು ಬಂದದ್ದು 1920ರಲ್ಲಿ. ಎರಡು ಬಾರಿ ಅಧ್ಯಕ್ಷ ಸ್ಥಾನಕ್ಕೆ ನಿಂತವರು ಆ ಸ್ಥಾನಕ್ಕೆ ಒಮ್ಮೆಯೂ ಮತ ಹಾಕಲಿಲ್ಲ.

ಮುಂದಿನ ವಾರ್ಷಿಕ ಸಭೆಯಲ್ಲಿ ಯಾರಾದರೂ ನಿಮ್ಮ ಹೆಸರು ಹೇಳಿದರೆ, ಕೈಚೀಲ ಹುಡುಕುವ ಮೊದಲು ಒಂದು ಕ್ಷಣ ಬೆಲ್ವಾ ಅವರನ್ನು ನೆನೆಯಿರಿ. ನಾನಂತೂ ಈ ಸಲ ಸಭೆಗೆ ತಪ್ಪದೆ ಬರುತ್ತೇನೆ.